ಕವಲೊಡೆಯುವ ಸ್ತರಭಂಗಗಳೂ ನೆಲದ ರೂಪವೂ: ಮೃತಸಮುದ್ರದಿಂದ ಲೆಬನಾನಿನವರೆಗೆ

ಭೂಮಿಯ ಒಣನೆಲದಲ್ಲಿ ಎಲ್ಲಕ್ಕಿಂತ ತಗ್ಗಾದ ಸ್ಥಳ ಮೃತಸಮುದ್ರದ ದಡ. ಅದರ ನೀರಿನ ಮಟ್ಟ ಸಾಗರಮಟ್ಟದಿಂದ 430 ಮೀಟರಿಗೂ ಹೆಚ್ಚು ಕೆಳಗಿದೆ. ಅಲ್ಲಿಂದ ಉತ್ತರಕ್ಕೆ ಸುಮಾರು 300 ಕಿಲೋಮೀಟರು ಸಾಗಿದರೆ ಲೆಬನಾನ್ ಪರ್ವತಶ್ರೇಣಿ ಎದುರಾಗುತ್ತದೆ. ಅದರ ಅತ್ಯುನ್ನತ ಶಿಖರವಾದ ಕುರ್ನತ್ ಅಸ್ ಸೌದಾ 3,088 ಮೀಟರು ಎತ್ತರವಾಗಿದ್ದು, ಚಳಿಗಾಲದಲ್ಲಿ ಹಿಮದಿಂದ ಮುಚ್ಚಿರುತ್ತದೆ. ಇಷ್ಟು ಆಳದ ತಗ್ಗೂ ಇಷ್ಟು ಎತ್ತರದ ಪರ್ವತವೂ ಒಂದೇ ಸ್ತರಭಂಗದ ಹಾದಿಯಲ್ಲಿವೆ. ಅಷ್ಟೇ ಅಲ್ಲ, ಆ ಸ್ತರಭಂಗದ ಮುಖ್ಯ ಚಲನೆ ಮೇಲಕ್ಕೂ ಅಲ್ಲ, ಕೆಳಕ್ಕೂ ಅಲ್ಲ. ಅದು ಪಕ್ಕಕ್ಕೆ ಸರಿಯುವ ಚಲನೆ. ಪಕ್ಕಕ್ಕೆ ಸರಿಯುವ ನೆಲ ಒಂದು ಕಡೆ ಕುಸಿಯುವುದೂ ಇನ್ನೊಂದು ಕಡೆ ಏಳುವುದೂ ಹೇಗೆ? ಈ ಪ್ರಶ್ನೆಗೆ ಉತ್ತರವನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಉತ್ತರವನ್ನು ಮೊದಲೇ ಸಂಕ್ಷೇಪವಾಗಿ ಹೇಳಬಹುದು: ಸ್ತರಭಂಗದ ರೇಖೆ ನೇರವಾಗಿಲ್ಲ, ಒಂದೇ ಆಗಿಯೂ ಇಲ್ಲ. ಅದು ತಪ್ಪುವ ಮತ್ತು ಬಾಗುವ ದಿಕ್ಕೇ ದ್ರೋಣಿ ಎಲ್ಲಿ, ಪರ್ವತ ಎಲ್ಲಿ ಎಂಬುದನ್ನು ನಿರ್ಧರಿಸುತ್ತದೆ. ಅದು ಒಡೆಯುವ ಕವಲುಗಳು ಆ ಚಲನೆಯನ್ನೂ ಅದರ ಅಪಾಯವನ್ನೂ ಹಂಚಿಕೊಳ್ಳುತ್ತವೆ.

1. ಪಾರ್ಶ್ವಚಲನೆಯ ಸ್ತರಭಂಗ

ಶಿಲಾಸ್ತರಗಳು ಒಂದು ತಲದಗುಂಟ ಮುರಿದು, ಮುರಿತದ ಎರಡು ಬದಿಗಳೂ ಪರಸ್ಪರ ಸರಿದಿದ್ದರೆ ಅದನ್ನು ಸ್ತರಭಂಗವೆನ್ನುತ್ತೇವೆ. ಒಂದು ಬದಿ ಇಳಿದು ಇನ್ನೊಂದು ಬದಿ ಉಳಿದಿರುವ ಸ್ತರಭಂಗಗಳು ವಿದ್ಯಾರ್ಥಿಗಳಿಗೆ ಪರಿಚಿತವೇ. ಇಲ್ಲಿ ನಾವು ಪರಿಶೀಲಿಸುವುದು ಎರಡು ಬದಿಗಳೂ ರೇಖೆಯ ಗುಂಟವೇ, ಸಮತಲದಲ್ಲಿ, ಒಂದನ್ನೊಂದು ದಾಟಿ ಸರಿಯುವ ಬಗೆಯನ್ನು. ಇದನ್ನು ಪಾರ್ಶ್ವಚಲನೆಯ ಸ್ತರಭಂಗ ಎಂದು ಕರೆಯೋಣ. ಒಂದು ಬದಿಯಲ್ಲಿ ನಿಂತು ಎದುರಿನ ಬದಿಯನ್ನು ನೋಡಿದಾಗ ಅದು ನಮ್ಮ ಎಡಕ್ಕೆ ಸರಿದಿದ್ದರೆ ಎಡಚಲನೆ, ಬಲಕ್ಕೆ ಸರಿದಿದ್ದರೆ ಬಲಚಲನೆ. ಯಾವ ಬದಿಯಲ್ಲಿ ನಿಂತು ನೋಡಿದರೂ ಈ ಹೆಸರು ಬದಲಾಗುವುದಿಲ್ಲವೆಂಬುದನ್ನು ಓದುಗರು ತಾವೇ ಪರೀಕ್ಷಿಸಿಕೊಳ್ಳಬಹುದು.

ಮೃತಸಮುದ್ರದ ಸ್ತರಭಂಗ ಎಡಚಲನೆಯದು. ಅದು ದಕ್ಷಿಣದಲ್ಲಿ ಕೆಂಪುಸಮುದ್ರದ ಉತ್ತರ ತುದಿಯಿಂದ ಹೊರಟು, ಅಕಾಬಾ ಕೊಲ್ಲಿ, ವಾದಿ ಅರಬಾ, ಮೃತಸಮುದ್ರ, ಜೋರ್ಡನ್ ಕಣಿವೆ, ಲೆಬನಾನ್, ಪಶ್ಚಿಮ ಸಿರಿಯಾಗಳ ಮೂಲಕ ಸುಮಾರು 1,000 ಕಿಲೋಮೀಟರು ಸಾಗಿ, ದಕ್ಷಿಣ ಟರ್ಕಿಯಲ್ಲಿ ಪೂರ್ವ ಅನಟೋಲಿಯಾ ಸ್ತರಭಂಗವನ್ನು ಸೇರುತ್ತದೆ. ಇದರ ಪೂರ್ವಕ್ಕಿರುವ ಅರೇಬಿಯಾ ಫಲಕವು ಪಶ್ಚಿಮಕ್ಕಿರುವ ಸಿನಾಯ್ ನೆಲಕ್ಕೆ ಹೋಲಿಸಿದರೆ ಉತ್ತರಕ್ಕೆ ಸರಿಯುತ್ತಿದೆ.

2. ಸರಿತವನ್ನು ಕಂಡುಕೊಂಡ ಬಗೆ

ಜೋರ್ಡನ್ ಕಣಿವೆಯನ್ನು ಕಂಡವರಿಗೆ ಮೊದಲು ಹೊಳೆಯುವುದು ಅದು ಎರಡು ಕಡಿದಾದ ಗೋಡೆಗಳ ನಡುವೆ ಕುಸಿದ ನೆಲವೆಂಬ ಭಾವನೆ. ಪೂರ್ವ ಆಫ್ರಿಕದ ಸೀಳುಕಣಿವೆಗಳನ್ನು ಅಭ್ಯಸಿಸಿದ ಗ್ರೆಗರಿಯವರು ಇದನ್ನೂ ಆ ಸಾಲಿಗೇ ಸೇರಿಸಿದರು. ಇದಕ್ಕೆ ಪ್ರತಿಯಾಗಿ ಬೇಲಿ ವಿಲ್ಲಿಸ್ ಎಂಬ ಅಮೆರಿಕದ ಭೂವಿಜ್ಞಾನಿ 1928ರಲ್ಲಿ, ಎರಡು ಬದಿಯ ನೆಲವೂ ಒತ್ತಡದಿಂದ ಮೇಲೇರಿ ನಡುವಣ ಪಟ್ಟಿಯನ್ನು ಅದುಮಿದೆಯೆಂದು ವಾದಿಸಿದರು. ಒಬ್ಬರು ಸೆಳೆತವನ್ನು ಕಂಡರೆ ಇನ್ನೊಬ್ಬರು ಒತ್ತಡವನ್ನು ಕಂಡರು. 1932ರಲ್ಲಿ ಡ್ಯೂಬೆರ್ಟ್ರೆ ಮೂರನೆಯ ಮಾರ್ಗವನ್ನು ಸೂಚಿಸಿದರು: ಅರೇಬಿಯಾವು ಕಣಿವೆಯ ಗುಂಟ ಉತ್ತರಕ್ಕೆ ಸರಿದಿದೆ. 1950ರ ದಶಕದಲ್ಲಿ ಕ್ವೆನೆಲ್ ಅವರು ಎರಡು ಬದಿಗಳ ಶಿಲೆಗಳನ್ನು ವಿವರವಾಗಿ ಹೋಲಿಸಿ, ಈ ಸರಿತವು 107 ಕಿಲೋಮೀಟರು ಎಂದು ಎಣಿಸಿದರು. ಮುಂದಿನ ಸಂಶೋಧನೆಗಳೆಲ್ಲ ಈ ಸಂಖ್ಯೆಯನ್ನು ಹೆಚ್ಚು ಬದಲಿಸಿಲ್ಲ. ಈಗ ಸುಮಾರು 105 ಕಿಲೋಮೀಟರು ಎಂದು ಒಪ್ಪಲಾಗಿದೆ.

ಈ ಹೋಲಿಕೆಯ ಕ್ರಮವನ್ನು ತಿಳಿಯಲು ತಾಮ್ರದ ಉದಾಹರಣೆ ಸಾಕು. ಕಣಿವೆಯ ಪಶ್ಚಿಮದಲ್ಲಿ ಅಕಾಬಾ ಕೊಲ್ಲಿಯ ತಲೆಗೆ ಸಮೀಪವಾಗಿ ಟಿಮ್ನಾ ಇದೆ. ಪೂರ್ವದಲ್ಲಿ ಮೃತಸಮುದ್ರದ ದಕ್ಷಿಣಕ್ಕೆ ಫೆಯ್ನಾನ್ ಇದೆ. ಎರಡೂ ಪ್ರಾಚೀನ ಕಾಲದಲ್ಲಿ ತಾಮ್ರದ ಗಣಿಗಳಿಗೆ ಹೆಸರಾದ ಸ್ಥಳಗಳು. ಎರಡು ಕಡೆಯೂ ಅದಿರು ಒಂದೇ ಬಗೆಯ ಪುರಾತನ ಶಿಲಾಸ್ತರಗಳಲ್ಲಿ ದೊರೆಯುತ್ತದೆ. ಪೂರ್ವದ ಬದಿಯನ್ನು 105 ಕಿಲೋಮೀಟರು ದಕ್ಷಿಣಕ್ಕೆ ಹಿಂದೆ ಸರಿಸಿದೆವಾದರೆ ಇವೆರಡೂ ಎದುರುಬದುರಾಗುತ್ತವೆ. ಈ ಚಲನೆ ಸುಮಾರು 2 ಕೋಟಿ ವರ್ಷಗಳ ಹಿಂದೆ ಆರಂಭವಾಯಿತೆಂದು ಇಟ್ಟುಕೊಂಡರೆ ಸರಾಸರಿ ವೇಗ ವರ್ಷಕ್ಕೆ 5 ಮಿಲಿಮೀಟರು ಆಗುತ್ತದೆ. ಕೃತಕ ಉಪಗ್ರಹಗಳ ಸಹಾಯದಿಂದ ಇಂದು ಅಳೆದ ವೇಗವೂ ವರ್ಷಕ್ಕೆ 4ರಿಂದ 5 ಮಿಲಿಮೀಟರು. ಶಿಲೆಯ ಸಾಕ್ಷ್ಯವೂ ಉಪಕರಣದ ಸಾಕ್ಷ್ಯವೂ ಹೀಗೆ ಹತ್ತಿರ ಬರುವುದು ಗಮನಾರ್ಹ.

3. ರೇಖೆ ತಪ್ಪಿದಲ್ಲಿ ತೆರೆಯುವ ದ್ರೋಣಿ

ಸ್ತರಭಂಗವು ಅಳತೆಗೋಲಿನಿಂದ ಎಳೆದ ಗೆರೆಯಂತೆ ನೇರವಾಗಿದ್ದಿದ್ದರೆ, ಎರಡು ಬದಿಗಳೂ ಉಜ್ಜಿಕೊಂಡು ಸರಿಯುತ್ತಿದ್ದುವೇ ಹೊರತು ಏರಿಳಿತಗಳಿಗೆ ಅವಕಾಶವಿರುತ್ತಿರಲಿಲ್ಲ. ಆದರೆ ದೀರ್ಘ ಸ್ತರಭಂಗಗಳು ತುಂಡುತುಂಡಾಗಿರುತ್ತವೆ. ಒಂದು ತುಂಡು ಮುಗಿಯುವ ಮೊದಲೇ ಇನ್ನೊಂದು ತುಂಡು ಸ್ವಲ್ಪ ಪಕ್ಕದಲ್ಲಿ ಆರಂಭವಾಗುತ್ತದೆ. ಈ ಪಕ್ಕದ ನೆಗೆತವನ್ನು ಮೆಟ್ಟಿಲು ಎನ್ನೋಣ.

ಮೆಟ್ಟಿಲಿನ ಪರಿಣಾಮವನ್ನು ತರಗತಿಯಲ್ಲಿ ಒಂದು ರಟ್ಟಿನಿಂದ ತೋರಿಸಬಹುದು. ರಟ್ಟನ್ನು ಮೇಜಿನ ಮೇಲಿಟ್ಟು, ನಮ್ಮ ಕಡೆಯ ಅಂಚಿನಿಂದ ನಡುವಿನವರೆಗೆ ನೇರವಾಗಿ ಕತ್ತರಿಸಿ, ಅಲ್ಲಿ ಎಡಕ್ಕೆ ಎರಡು ಬೆರಳಗಲ ತಿರುಗಿ, ಮತ್ತೆ ನೇರವಾಗಿ ಆಚೆಯ ಅಂಚಿನವರೆಗೆ ಕತ್ತರಿಸಬೇಕು. ಈಗ ಬಲಗಡೆಯ ತುಂಡನ್ನು ನಮ್ಮಿಂದ ಆಚೆಗೆ ತಳ್ಳಿದರೆ, ಅಂದರೆ ಎಡಚಲನೆಯನ್ನು ಕೊಟ್ಟರೆ, ಮೆಟ್ಟಿಲಿರುವಲ್ಲಿ ಒಂದು ಚೌಕಾಕಾರದ ಕಿಂಡಿ ತೆರೆದುಕೊಳ್ಳುತ್ತದೆ. ತಳ್ಳಿದಷ್ಟೂ ಕಿಂಡಿಯ ಉದ್ದ ಬೆಳೆಯುತ್ತದೆ. ಅಗಲ ಮಾತ್ರ ಮೆಟ್ಟಿಲಿನ ಅಗಲದಷ್ಟೇ ಉಳಿಯುತ್ತದೆ. ಇನ್ನೊಂದು ರಟ್ಟಿನಲ್ಲಿ ಮೆಟ್ಟಿಲನ್ನು ಬಲಕ್ಕೆ ತಿರುಗಿಸಿ ಅದೇ ರೀತಿ ತಳ್ಳಿದರೆ, ತುಂಡುಗಳು ಪರಸ್ಪರ ಡಿಕ್ಕಿಹೊಡೆದು, ಬಾಗಿ, ಒಂದರ ಮೇಲೊಂದು ಹತ್ತುತ್ತವೆ. ಹೀಗೆ ಎಡಚಲನೆಗೆ ಎಡಮೆಟ್ಟಿಲು ಸೇರಿದರೆ ತೆರವು, ಬಲಮೆಟ್ಟಿಲು ಸೇರಿದರೆ ಅದುಮಿಕೆ. ಬಲಚಲನೆಗೆ ಈ ನಿಯಮ ತಿರುಗುಮುರುಗಾಗುತ್ತದೆ.

ನಿಜವಾದ ನೆಲದಲ್ಲಿ ಕಿಂಡಿ ಬರಿದಾಗಿ ತೆರೆಯುವುದಿಲ್ಲ. ಸೆಳೆತಕ್ಕೆ ಸಿಕ್ಕಿದ ಭೂಪಟಲವು ತೆಳುವಾಗಿ ಕುಸಿಯುತ್ತದೆ. ಕುಸಿದ ತಗ್ಗಿಗೆ ಸುತ್ತಣ ಹಳ್ಳಗಳು ಕಲ್ಲು, ಮರಳು, ಜೇಡಿಗಳನ್ನು ತಂದು ತುಂಬುತ್ತವೆ. ಇಂಥ ತಗ್ಗನ್ನು ಸೆಳೆತದ ದ್ರೋಣಿ ಎನ್ನುತ್ತೇವೆ. ಅಮೆರಿಕದ ಡೆತ್ ವ್ಯಾಲಿಯ ನಡುಭಾಗವೂ ಹೀಗೆಯೇ ಹುಟ್ಟಿತೆಂದು ಬರ್ಚ್‌ಫೀಲ್ ಮತ್ತು ಸ್ಟೂವರ್ಟ್ ಅವರು 1966ರಲ್ಲಿ ವಿವರಿಸಿದ ಮೇಲೆ ಈ ಕಲ್ಪನೆ ಭೂವಿಜ್ಞಾನದಲ್ಲಿ ನೆಲೆಗೊಂಡಿತು.

ಮೃತಸಮುದ್ರವು ಇದರ ಅತ್ಯುತ್ತಮ ನಿದರ್ಶನ. ದಕ್ಷಿಣದಿಂದ ಬರುವ ವಾದಿ ಅರಬಾದ ತುಂಡು ಸರೋವರದ ಪೂರ್ವದ ದಡವನ್ನು ಹಿಡಿದು ಸಾಗುತ್ತದೆ. ಜೋರ್ಡನ್ ಕಣಿವೆಯ ತುಂಡು ಪಶ್ಚಿಮದ ದಡದ ಕಡೆ ಇದೆ. ಉತ್ತರಾಭಿಮುಖವಾಗಿ ನಡೆಯುವವನಿಗೆ ಇದು ಎಡಮೆಟ್ಟಿಲು. ಆದ್ದರಿಂದ ಎರಡರ ನಡುವೆ, 20 ಕಿಲೋಮೀಟರಿಗಿಂತ ಕಡಿಮೆ ಅಗಲ ಮತ್ತು 100 ಕಿಲೋಮೀಟರಿಗಿಂತ ಹೆಚ್ಚು ಉದ್ದದ ದ್ರೋಣಿ ತೆರೆದಿದೆ. ರಟ್ಟಿನ ಕಿಂಡಿಯ ನೀಳವಾದ ಆಕಾರವನ್ನೇ ಇಲ್ಲಿಯೂ ಕಾಣುತ್ತೇವೆ. ಸರೋವರದ ನೀರಿನ ಆಳ ಸುಮಾರು 300 ಮೀಟರು. ಆದರೆ ಅದರ ತಳದ ಕೆಳಗೆ ತುಂಬಿರುವ ಮೆಕ್ಕಲಿನ ದಪ್ಪ 8 ಕಿಲೋಮೀಟರಿಗೂ ಹೆಚ್ಚು. ಕಣ್ಣಿಗೆ ಕಾಣುವ ತಗ್ಗು ನಿಜವಾದ ತಗ್ಗಿನ ಅತ್ಯಲ್ಪ ಭಾಗ ಮಾತ್ರ. ಆ ಮೆಕ್ಕಲಿನಲ್ಲಿ ದಪ್ಪವಾದ ಉಪ್ಪಿನ ಸ್ತರಗಳಿವೆ. ಮೇಲಿನ ಭಾರಕ್ಕೆ ಸಿಕ್ಕಿದ ಉಪ್ಪು ಮೆತ್ತಗಿನ ಪದಾರ್ಥದಂತೆ ಹರಿದು, ದುರ್ಬಲವಾದ ಕಡೆ ಮೇಲಕ್ಕೆ ನುಗ್ಗುತ್ತದೆ. ಸರೋವರದ ನೈಋತ್ಯಕ್ಕಿರುವ ಸೆದೋಮ್ ಬೆಟ್ಟ ಹೀಗೆ ಎದ್ದ ಉಪ್ಪಿನ ಬೆಟ್ಟವೇ ಆಗಿದೆ.

ಇಲ್ಲಿ ಒಂದು ಭೇದವನ್ನು ಗುರುತಿಸಬೇಕು. ಈಚಿನ ದಶಕಗಳಲ್ಲಿ ಸರೋವರದ ನೀರು ವರ್ಷಕ್ಕೆ ಸುಮಾರು ಒಂದು ಮೀಟರಿನಂತೆ ಇಳಿಯುತ್ತಿದೆ. ಇದು ಸ್ತರಭಂಗದ ಕಾರ್ಯವಲ್ಲ. ಜೋರ್ಡನ್ ಮತ್ತು ಅದರ ಉಪನದಿಗಳ ನೀರನ್ನು ಬೇರೆಡೆಗೆ ತಿರುಗಿಸಿರುವುದೂ ಖನಿಜಲವಣಕ್ಕಾಗಿ ನೀರನ್ನು ಆವಿಗೊಳಿಸುತ್ತಿರುವುದೂ ಇದಕ್ಕೆ ಕಾರಣ. ದ್ರೋಣಿಯನ್ನು ಪ್ರಕೃತಿ ಕೋಟಿ ವರ್ಷಗಳಲ್ಲಿ ಇಳಿಸಿದೆ. ನೀರನ್ನು ಮನುಷ್ಯ ಒಂದು ತಲೆಮಾರಿನಲ್ಲಿ ಇಳಿಸಿದ್ದಾನೆ.

ಈ ಸ್ತರಭಂಗದ ಮೇಲೆ ಇಂಥ ದ್ರೋಣಿ ಒಂದೇ ಅಲ್ಲ. ಅಕಾಬಾ ಕೊಲ್ಲಿಯ ತಳದಲ್ಲಿ ಒಂದರ ಮುಂದೊಂದು ಓರೆಯಾಗಿ ಜೋಡಿಸಿದಂತೆ ಮೂರು ಆಳವಾದ ದ್ರೋಣಿಗಳಿವೆ. ಉತ್ತರದಲ್ಲಿ ಹೂಲಾ ಕಣಿವೆ, ಸಿರಿಯಾದಲ್ಲಿ ಒರೊಂಟಿಸ್ ನದಿ ಹರಿಯುವ ಘಾಬ್ ಕಣಿವೆ ಇದೇ ಬಗೆಯವು. ಹೂಲಾ, ಘಾಬ್ ಎರಡೂ ಇಪ್ಪತ್ತನೆಯ ಶತಮಾನದ ನಡುವಿನವರೆಗೆ ಜೌಗುನೆಲಗಳಾಗಿದ್ದು, ಅನಂತರ ಬರಿದುಮಾಡಿ ಉಳುಮೆಗೆ ತಂದ ಭೂಮಿಗಳು. ಕುಸಿಯುತ್ತಿರುವ ನೆಲಕ್ಕೆ ನೀರೂ ಮಣ್ಣೂ ತಾವಾಗಿ ಬಂದು ಸೇರುವುದರಿಂದ ಬೇಸಾಯವೂ ಜನವಸತಿಯೂ ಅಲ್ಲಿಯೇ ದಟ್ಟವಾಗುವುದು ಸಹಜ.

4. ಲೆಬನಾನಿನ ಬಾಗು ಮತ್ತು ಕವಲುಗಳು

ಹೂಲಾ ಕಣಿವೆಯವರೆಗೆ ಸ್ತರಭಂಗವು ಬಹುಮಟ್ಟಿಗೆ ದಕ್ಷಿಣೋತ್ತರವಾಗಿದೆ. ಲೆಬನಾನನ್ನು ಪ್ರವೇಶಿಸಿದೊಡನೆ ಅದು ಬಲಕ್ಕೆ, ಅಂದರೆ ಈಶಾನ್ಯದ ಕಡೆಗೆ, ಸುಮಾರು 25 ಡಿಗ್ರಿ ಬಾಗುತ್ತದೆ. ಎಡಚಲನೆಗೆ ಬಲಬಾಗು ಅದುಮಿಕೆಯನ್ನು ಕೊಡುವುದೆಂದು ರಟ್ಟಿನ ಪ್ರಯೋಗದಲ್ಲಿ ಕಂಡೆವು. ಅದರ ಪ್ರಮಾಣವನ್ನು ಸ್ಥೂಲವಾಗಿ ಎಣಿಸಬಹುದು. ಅರೇಬಿಯಾವು ಉತ್ತರಕ್ಕೆ ವರ್ಷಕ್ಕೆ 5 ಮಿಲಿಮೀಟರು ಸರಿಯುವಾಗ, 25 ಡಿಗ್ರಿ ಓರೆಯಾದ ರೇಖೆಗೆ ಅಡ್ಡವಾಗಿ ಬೀಳುವ ಭಾಗ ಸುಮಾರು 2 ಮಿಲಿಮೀಟರು. ಹತ್ತು ಲಕ್ಷ ವರ್ಷಗಳಲ್ಲಿ ಇದು 2 ಕಿಲೋಮೀಟರು. ಇಷ್ಟು ನೆಲ ಎಲ್ಲಿಗಾದರೂ ಹೋಗಬೇಕು. ಅದು ಮಡಿಕೆಗೊಂಡು ಮೇಲೇಳುತ್ತದೆ. ಪಶ್ಚಿಮದ ಲೆಬನಾನ್ ಶ್ರೇಣಿ, ಪೂರ್ವದ ಪ್ರತಿಲೆಬನಾನ್ ಶ್ರೇಣಿ, ಅದರ ದಕ್ಷಿಣ ತುದಿಯಲ್ಲಿ 2,814 ಮೀಟರು ಎತ್ತರದ ಹೆರ್ಮೋನ್ ಪರ್ವತ, ಇವು ಈ ಅದುಮಿಕೆಯ ಫಲಗಳು.

ಬಾಗಿನಲ್ಲಿಯೇ ಸ್ತರಭಂಗವು ಕವಲೊಡೆಯುತ್ತದೆ. ಮುಖ್ಯ ಕಾಂಡವು ಯಮ್ಮೂನೆ ಸ್ತರಭಂಗವೆಂಬ ಹೆಸರಿನಿಂದ ಲೆಬನಾನ್ ಶ್ರೇಣಿಯ ಪೂರ್ವದ ಅಂಚನ್ನು ಹಿಡಿದು ಸಾಗುತ್ತದೆ. ರೂಮ್ ಎಂಬ ಕವಲು ಪಶ್ಚಿಮಕ್ಕೆ ಅಗಲಿ, ಬೇರೂತಿನ ದಿಕ್ಕಿಗೆ ಸಾಗುತ್ತ ಕ್ರಮೇಣ ಕ್ಷೀಣಿಸುತ್ತದೆ. ಹಸ್ಬಾಯಾ, ರಶಾಯಾ, ಸೆರ್ಗಾಯಾ ಎಂಬ ಕವಲುಗಳು ಹೆರ್ಮೋನ್ ಮತ್ತು ಪ್ರತಿಲೆಬನಾನಿನ ಕಡೆಗೆ ಹರಡಿಕೊಂಡಿವೆ.

ಕವಲು ಏಕೆ ಒಡೆಯುತ್ತದೆ? ಇದಕ್ಕೆ ಎರಡು ಕಾರಣಗಳನ್ನು ಹೇಳಬಹುದು. ಮೊದಲನೆಯದು ಹುಟ್ಟಿನಿಂದ ಬಂದದ್ದು. ಜರ್ಮನಿಯ ಕ್ಲೋಸ್ 1928ರಲ್ಲಿ, ರೀಡೆಲ್ 1929ರಲ್ಲಿ, ಅಕ್ಕಪಕ್ಕದಲ್ಲಿಟ್ಟ ಎರಡು ಹಲಗೆಗಳ ಮೇಲೆ ಒದ್ದೆ ಜೇಡಿಯನ್ನು ಹರಡಿ, ಹಲಗೆಗಳನ್ನು ವಿರುದ್ಧ ದಿಕ್ಕುಗಳಿಗೆ ಸರಿಸಿ ನೋಡಿದರು. ಕೆಳಗೆ ಹಲಗೆಗಳ ಸಂಧಿ ಒಂದೇ ನೇರರೇಖೆಯಾಗಿದ್ದರೂ, ಮೇಲಿನ ಜೇಡಿಯಲ್ಲಿ ಮೊದಲು ಕಾಣಿಸಿಕೊಂಡುದು ಒಂದು ನೇರ ಬಿರುಕಲ್ಲ. ಸಂಧಿಗೆ ಓರೆಯಾಗಿ ಸಾಲುಗಟ್ಟಿದ ಅನೇಕ ಕಿರುಬಿರುಕುಗಳು. ಸರಿತ ಹೆಚ್ಚಿದಂತೆ ಇವು ಒಂದನ್ನೊಂದು ಕೂಡಿಕೊಂಡು ಮುಖ್ಯರೇಖೆಯಾದವು. ಹಾಗೆ ಕೂಡಿಕೊಳ್ಳುವಾಗ ಕೆಲವು ಬಿರುಕುಗಳು ಪಕ್ಕದಲ್ಲಿಯೇ ಉಳಿದುವು. ಮೆಟ್ಟಿಲುಗಳಿಗೂ ಕವಲುಗಳಿಗೂ ಬೀಜ ಇಲ್ಲಿಯೇ ಇದೆ. ಈ ಪ್ರಯೋಗಕ್ಕೆ ಎರಡು ಹಲಗೆ ಮತ್ತು ಒಂದು ಬುಟ್ಟಿ ಜೇಡಿಗಿಂತ ಹೆಚ್ಚೇನೂ ಬೇಡವಾದುದರಿಂದ ಯಾವ ಕಾಲೇಜಿನಲ್ಲಾದರೂ ಮಾಡಿ ತೋರಿಸಬಹುದು.

ಎರಡನೆಯ ಕಾರಣ ಬೆಳವಣಿಗೆಯಿಂದ ಬಂದದ್ದು. ಬಾಗಿನಲ್ಲಿ ಸರಿಯಬೇಕಾದರೆ ನೆಲವನ್ನು ಗುರುತ್ವಕ್ಕೆ ವಿರುದ್ಧವಾಗಿ ಎತ್ತಬೇಕು. ಪರ್ವತ ಬೆಳೆದಷ್ಟೂ ಎತ್ತುವ ಶ್ರಮ ಹೆಚ್ಚುತ್ತದೆ. ಒಂದು ಹಂತದಲ್ಲಿ, ಹಳೆಯ ಬಾಗಿನ ಮೂಲಕ ಸರಿಯುವುದಕ್ಕಿಂತ ಪಕ್ಕದ ಶಿಲೆಯನ್ನು ಹೊಸದಾಗಿ ಸೀಳಿ, ಹೆಚ್ಚು ನೇರವಾದ ದಾರಿ ಮಾಡಿಕೊಳ್ಳುವುದು ಸುಲಭವಾಗುತ್ತದೆ. ಆಗ ಚಲನೆಯ ಒಂದು ಪಾಲು ಹೊಸ ಕವಲಿಗೆ ಹೋಗುತ್ತದೆ. ನದಿಯು ಕವಲಾದಾಗ ಕವಲುಗಳ ನೀರೆಲ್ಲ ಕೂಡಿ ಮೂಲನದಿಯ ನೀರಿಗೆ ಸಮನಾಗಬೇಕಾದಂತೆ, ಕವಲುಗಳ ಸರಿತವೂ ನಡುವಣ ನೆಲದ ಮಡಿಕೆಯೂ ಎಲ್ಲ ಕೂಡಿ ಕಾಂಡದ ಸರಿತಕ್ಕೆ ಸಮನಾಗಬೇಕು. ಲೆಬನಾನಿನಲ್ಲಿ ಹೆಚ್ಚಿನ ಪಾಲನ್ನು ಯಮ್ಮೂನೆ ಹೊರುತ್ತದೆ. ಸೆರ್ಗಾಯಾದ ಪಾಲು ವರ್ಷಕ್ಕೆ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು.

5. ತಗ್ಗುಗಳೆಲ್ಲ ಒಂದೇ ಬಗೆಯವಲ್ಲ

ಲೆಬನಾನ್ ಮತ್ತು ಪ್ರತಿಲೆಬನಾನ್ ಶ್ರೇಣಿಗಳ ನಡುವೆ ಬೆಕಾ ಎಂಬ ಫಲವತ್ತಾದ ಕಣಿವೆಯಿದೆ. ಒರೊಂಟಿಸ್ ಅದರಿಂದ ಉತ್ತರಕ್ಕೂ ಲಿತಾನಿ ದಕ್ಷಿಣಕ್ಕೂ ಹರಿಯುತ್ತವೆ. ಭೂಪಟದಲ್ಲಿ ಬೆಕಾ ಜೋರ್ಡನ್ ಕಣಿವೆಯ ಮುಂದುವರಿಕೆಯಂತೆ ಕಾಣುತ್ತದೆ. ಆದರೆ ಅದರ ನೆಲ ಸಾಗರಮಟ್ಟದಿಂದ ಸುಮಾರು 1,000 ಮೀಟರು ಮೇಲಿದೆ. ಇದು ಸೆಳೆತದಿಂದ ತೆರೆದ ದ್ರೋಣಿಯಲ್ಲ. ಅದುಮಿಕೆಯಿಂದ ಎರಡು ಬದಿಯ ನೆಲ ಮೇಲೆದ್ದಾಗ ನಡುವೆ ಕೆಳಮಡಿಕೆಯಾಗಿ ಹಿಂದುಳಿದ ತಗ್ಗು. ಮೃತಸಮುದ್ರ ಇಳಿದ ನೆಲ, ಬೆಕಾ ಏಳದೆ ಉಳಿದ ನೆಲ. ರೂಪಸಾಮ್ಯದಿಂದ ಜನ್ಮಸಾಮ್ಯವನ್ನು ಊಹಿಸಬಾರದೆಂಬುದಕ್ಕೆ ಇದು ಒಳ್ಳೆಯ ಪಾಠ.

ಆದರೂ ಅದುಮಿಕೆಯ ಸೀಮೆಯೊಳಗೇ ಸಣ್ಣ ಪ್ರಮಾಣದ ಸೆಳೆತವೂ ಇರಬಹುದು. ಯಮ್ಮೂನೆ ಸ್ತರಭಂಗಕ್ಕೆ ಹೆಸರು ಕೊಟ್ಟ ಯಮ್ಮೂನೆ ಗ್ರಾಮ ಲೆಬನಾನ್ ಶ್ರೇಣಿಯ ಮೇಲೆ, ಒಂದು ಪುಟ್ಟ ಸೆಳೆತದ ದ್ರೋಣಿಯಲ್ಲಿದೆ. ಸ್ತರಭಂಗವು ಅಲ್ಲಿ ಸ್ವಲ್ಪ ಎಡಕ್ಕೆ ತಪ್ಪಿರುವುದರಿಂದ, ಪರ್ವತದ ನಡುವೆಯೇ ಚಪ್ಪಟೆಯಾದ ತಗ್ಗು ಉಂಟಾಗಿ ಹಿಂದೆ ಕೆರೆಯಾಗಿತ್ತು. ನಿಯಮ ಅದೇ, ಅಳತೆ ಮಾತ್ರ ಬೇರೆ. ಮುಂದಿನ ವಿಷಯಕ್ಕೆ ಈ ಪುಟ್ಟ ಕೆರೆಯೇ ಮುಖ್ಯ ಸಾಕ್ಷಿ.

6. ಭೂಕಂಪಗಳ ದಾಖಲೆ

ವರ್ಷಕ್ಕೆ 5 ಮಿಲಿಮೀಟರು ಎಂಬುದು ಫಲಕಗಳ ಸರಾಸರಿ ವೇಗ. ಸ್ತರಭಂಗದ ತಲವು ಅಷ್ಟು ಸಮವಾಗಿ ಜಾರುವುದಿಲ್ಲ. ಅದು ಶತಮಾನಗಳ ಕಾಲ ಕಚ್ಚಿಕೊಂಡಿದ್ದು, ಒಮ್ಮೆಲೇ ಹಲವು ಮೀಟರು ಸರಿಯುತ್ತದೆ. ಜೋರ್ಡನ್ ನದಿಯ ದಡದಲ್ಲಿ, ಹೂಲಾದ ದಕ್ಷಿಣಕ್ಕೆ, ಇದರ ಅಪೂರ್ವವಾದ ದಾಖಲೆಯಿದೆ. ಧರ್ಮಯುದ್ಧದ ಯೋಧರು 1178ರಲ್ಲಿ ಅಲ್ಲಿ ವಾದುಮ್ ಯಾಕೋಬ್ ಎಂಬ ಕೋಟೆಯನ್ನು ಕಟ್ಟತೊಡಗಿದರು. 1179ರಲ್ಲಿ ಸಲಾದಿನ್ ಅದನ್ನು ಗೆದ್ದು ಹಾಳುಗೆಡವಿದನು. ಕಟ್ಟಿದವರಿಗೆ ತಿಳಿಯದೆಯೇ ಕೋಟೆ ಸ್ತರಭಂಗದ ಮೇಲೆ ನಿಂತಿತ್ತು. ಇಂದು ಅದರ ಗೋಡೆ ಸ್ತರಭಂಗದ ರೇಖೆಯಲ್ಲಿ ಕತ್ತರಿಸಿ, ಪೂರ್ವದ ತುಂಡು 2.1 ಮೀಟರು ಉತ್ತರಕ್ಕೆ ಸರಿದಿದೆ. ಇದರಲ್ಲಿ 1.6 ಮೀಟರು 1202ರ ಭೂಕಂಪದಲ್ಲಿ, ಉಳಿದುದು 1759ರಲ್ಲಿ ಸರಿದುದೆಂದು ಉತ್ಖನನದಿಂದ ತಿಳಿದುಬಂದಿದೆ. ಸಿರಿಯಾದ ಮಸ್ಯಾಫ್ ಪಟ್ಟಣದ ಬಳಿ ರೋಮನರ ಕಾಲದ ಒಂದು ನೀರುಗಾಲುವೆಯು ಇದೇ ರೀತಿ 13.6 ಮೀಟರು ಸರಿದಿದೆ.

ಕವಲುಗಳ ಮಹತ್ವ 1759ರಲ್ಲಿ ಸ್ಪಷ್ಟವಾಗುತ್ತದೆ. ಆ ವರ್ಷ ಅಕ್ಟೋಬರ್ 30ರಂದು ಒಂದು, ನವೆಂಬರ್ 25ರಂದು ಇನ್ನೂ ದೊಡ್ಡದಾದ ಮತ್ತೊಂದು ಭೂಕಂಪವಾಯಿತು. ಬಾಲ್ಬೆಕ್ಕಿನ ರೋಮನ್ ದೇವಾಲಯದ ಮಹಾಸ್ತಂಭಗಳಲ್ಲಿ ಅದುವರೆಗೆ ಉಳಿದಿದ್ದ ಒಂಬತ್ತರಲ್ಲಿ ಮೂರು ಬಿದ್ದುಹೋಗಿ ಆರು ಮಾತ್ರ ನಿಂತವು. ಈ ಎರಡು ಕಂಪಗಳನ್ನೂ ಸಂಶೋಧಕರು ರಶಾಯಾ ಮತ್ತು ಸೆರ್ಗಾಯಾ ಕವಲುಗಳಿಗೆ ಸೇರಿಸುತ್ತಾರೆ. ಮುಖ್ಯ ಕಾಂಡವಾದ ಯಮ್ಮೂನೆಗೆ ಅಲ್ಲ. ಇನ್ನು 551ರಲ್ಲಿ ಬೇರೂತನ್ನು ನಾಶಮಾಡಿ ಸಮುದ್ರದ ಅಲೆಗಳನ್ನೆಬ್ಬಿಸಿದ ಭೂಕಂಪಕ್ಕೆ ಕಾರಣ ಇವಾವುವೂ ಅಲ್ಲ. ಅದುಮಿಕೆಯಿಂದ ಲೆಬನಾನ್ ಶ್ರೇಣಿಯ ಕೆಳಗೆ ಹುಟ್ಟಿ ಕರಾವಳಿಯಾಚೆ ಸಮುದ್ರತಳದಲ್ಲಿ ಹೊರಬೀಳುವ ಏರುಸ್ತರಭಂಗವೆಂದು ತಿಳಿಯಲಾಗಿದೆ. ಪರ್ವತವನ್ನೆತ್ತುವ ಆ 2 ಮಿಲಿಮೀಟರಿನ ಒಂದು ಪಾಲು ಹೀಗೆ ಸಮುದ್ರದ ಕಡೆ ಬಿಡುಗಡೆಯಾಗುತ್ತದೆ.

ಹಾಗಾದರೆ ಯಮ್ಮೂನೆ ಮಲಗಿದೆಯೇ? ಇಪ್ಪತ್ತನೆಯ ಶತಮಾನದಲ್ಲಿ ಕೆಲವರು ಹಾಗೆ ಭಾವಿಸಿದ್ದುಂಟು. ಉತ್ತರವನ್ನು ಕೊಟ್ಟದ್ದು ಯಮ್ಮೂನೆಯ ಬರಿದಾದ ಕೆರೆ. ಅದರ ತಳದಲ್ಲಿ ಕಂದಕ ತೋಡಿ ನೋಡಿದಾಗ, ಕೆರೆಯ ತೆಳುವಾದ ಮೆಕ್ಕಲು ಪದರಗಳು ಹಂತಹಂತವಾಗಿ ಕತ್ತರಿಸಿರುವುದು ಕಂಡಿತು. ಹಳೆಯ ಭೂಕಂಪ ಕೆಳಗಿನ ಪದರಗಳನ್ನು ಮಾತ್ರ ಕತ್ತರಿಸಿರುತ್ತದೆ. ಅನಂತರ ಕೂಡಿದ ಪದರಗಳು ಅದನ್ನು ಮುಚ್ಚಿರುತ್ತವೆ. ಈ ರೀತಿ ಎಣಿಸಿದಾಗ 12,000 ವರ್ಷಗಳಲ್ಲಿ 10ರಿಂದ 13 ಭೂಕಂಪಗಳು ಗೊತ್ತಾದವು. ಸರಾಸರಿ ಅಂತರ ಸುಮಾರು 1,100 ವರ್ಷ. ಕೊನೆಯದು 1202ರದು. ಅದಾಗಿ 800 ವರ್ಷಗಳು ಕಳೆದಿವೆ. ಸರಾಸರಿಯು ಭವಿಷ್ಯವಾಣಿಯಲ್ಲ, ಆದರೆ ದೀರ್ಘಮೌನವು ನಿದ್ರೆಯಲ್ಲ, ಕೂಡಿಕೊಳ್ಳುತ್ತಿರುವ ಸಾಲ ಎಂಬುದನ್ನು ಈ ಲೆಕ್ಕ ತೋರಿಸುತ್ತದೆ.

ಕವಲನ್ನು ಕಡೆಗಣಿಸಬಾರದೆಂಬುದಕ್ಕೆ ಈಚಿನ ನಿದರ್ಶನ 2023ರ ಫೆಬ್ರವರಿ 6ರ ಟರ್ಕಿಯ ಭೂಕಂಪ. ನಮ್ಮ ಸ್ತರಭಂಗವು ಉತ್ತರದಲ್ಲಿ ಸೇರುವ ಪೂರ್ವ ಅನಟೋಲಿಯಾ ಸ್ತರಭಂಗದಲ್ಲಿ ಇದು ನಡೆಯಿತು. ಇದರ ಪ್ರಮಾಣ 7.8. ಮುರಿತ ಆರಂಭವಾದುದು ಮುಖ್ಯ ಸ್ತರಭಂಗದಲ್ಲಿ ಅಲ್ಲ. ನಾರ್ಲಿ ಎಂಬ ಪಕ್ಕದ ಕವಲಿನಲ್ಲಿ. ಅದು ಕೆಲವು ಸೆಕೆಂಡುಗಳಲ್ಲಿ ಸಂಧಿಯನ್ನು ಮುಟ್ಟಿ, ಮುಖ್ಯ ಸ್ತರಭಂಗಕ್ಕೆ ದಾಟಿ, ಎರಡು ದಿಕ್ಕಿಗೂ ಹಬ್ಬಿ 300 ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ನೆಲವನ್ನು ಸೀಳಿತು. ಸುಮಾರು ಒಂಬತ್ತು ಗಂಟೆಗಳ ಮೇಲೆ, ಉತ್ತರದಲ್ಲಿರುವ ಬೇರೊಂದು ಸ್ತರಭಂಗದಲ್ಲಿ ಅಷ್ಟೇ ಭೀಕರವಾದ ಇನ್ನೊಂದು ಕಂಪವಾಯಿತು. ಟರ್ಕಿ, ಸಿರಿಯಾಗಳಲ್ಲಿ 50,000ಕ್ಕೂ ಹೆಚ್ಚು ಜನ ಮಡಿದರು. ಅತಿಯಾಗಿ ಹಾಳಾದ ಅಂತಾಕ್ಯಾ ನಗರವು ಅಮಿಕ್ ಬಯಲಿನ ಅಂಚಿನಲ್ಲಿದೆ; ಅದು ಸ್ತರಭಂಗಗಳು ಕೂಡುವಲ್ಲಿ ಉಂಟಾದ, ಮೆತ್ತಗಿನ ಮೆಕ್ಕಲು ತುಂಬಿದ ದ್ರೋಣಿ. ಅಂಥ ಮೆಕ್ಕಲು ಕಂಪನವನ್ನು ಗಟ್ಟಿಯಾದ ಶಿಲೆಗಿಂತ ಹೆಚ್ಚಾಗಿ ಹಿಗ್ಗಿಸುತ್ತದೆ. ಸ್ತರಭಂಗವು ಕೊಡುವ ಫಲವತ್ತಾದ ನೆಲವೂ ಅದು ತರುವ ಹಾನಿಯೂ ಹೀಗೆ ಒಂದೇ ಸ್ಥಳದಲ್ಲಿ ಕೂಡುತ್ತವೆ.

7. ಉಪಸಂಹಾರ

ಸೆಳೆತವನ್ನು ಕಂಡ ಗ್ರೆಗರಿ, ಒತ್ತಡವನ್ನು ಕಂಡ ವಿಲ್ಲಿಸ್ ಇಬ್ಬರಿಗೂ ಪ್ರತ್ಯಕ್ಷವಾದ ಆಧಾರಗಳಿದ್ದುವು. ಒಂದೇ ಪಾರ್ಶ್ವಚಲನೆಯಿಂದ ಎರಡೂ ಹುಟ್ಟಬಹುದೆಂಬುದು ಮಾತ್ರ ಅನಂತರ ಸ್ಪಷ್ಟವಾಯಿತು. ಆದ್ದರಿಂದ ಇಂಥ ಪ್ರದೇಶದ ಭೂಪಟವನ್ನು ಕೈಗೆತ್ತಿಕೊಂಡಾಗ ವಿದ್ಯಾರ್ಥಿಯು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು: ಚಲನೆ ಎಡದ್ದೋ ಬಲದ್ದೋ? ರೇಖೆ ಯಾವ ಕಡೆಗೆ ತಪ್ಪಿದೆ ಅಥವಾ ಬಾಗಿದೆ? ಕಾಂಡದ ಚಲನೆಯಲ್ಲಿ ಯಾವ ಕವಲಿನ ಪಾಲು ಎಷ್ಟು? ಮೊದಲ ಎರಡಕ್ಕೆ ಉತ್ತರ ಸಿಕ್ಕಿದರೆ ಪರ್ವತ, ದ್ರೋಣಿಗಳ ಸ್ಥಾನ ಅರ್ಥವಾಗುತ್ತದೆ. ಮೂರನೆಯದರ ಉತ್ತರ ಅಲ್ಲಿ ವಾಸಿಸುವ ಜನರ ಸುರಕ್ಷಿತತೆಗೆ ಸಂಬಂಧಪಟ್ಟದ್ದು. ಪಠ್ಯಪುಸ್ತಕಗಳಲ್ಲಿ ಮೃತಸಮುದ್ರದ ಸ್ತರಭಂಗವನ್ನು ಸಾಮಾನ್ಯವಾಗಿ ಒಂದೇ ದಪ್ಪ ಗೆರೆಯಿಂದ ತೋರಿಸುವುದು ರೂಢಿ. ಅಧ್ಯಾಪಕರು ಕಪ್ಪುಹಲಗೆಯ ಮೇಲೆ ಅದನ್ನು ಬರೆಯುವಾಗ, ಲೆಬನಾನಿನ ಬಳಿ ಆ ಗೆರೆಯನ್ನು ಬಾಗಿಸಿ, ರೂಮ್, ರಶಾಯಾ, ಸೆರ್ಗಾಯಾಗಳನ್ನೂ ಎಳೆದು ತೋರಿಸಬೇಕೆಂಬುದು ನಮ್ಮ ಸೂಚನೆ. 1759ರಲ್ಲಿ ಬಾಲ್ಬೆಕ್ಕಿನ ಸ್ತಂಭಗಳನ್ನು ಕೆಡವಿದ್ದು ಆ ಸಣ್ಣ ಗೆರೆಗಳೇ.